ಗಂಟೆ ಸದ್ದಿಗೆ ಏಳುತ್ತಿದ್ದ ಕೈಗಳು

ಸಿಂಚನಾ, ಪವನಾ,

ನಮ್ಮ ಹಿತ್ತಲ ಕೋಣೆಗಳಲ್ಲಿ ಬಾಡಿಗೆಗಿದ್ದ ಬಾಕ್ಸರ್ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂತಲ್ಲ, ಅದನ್ನು ಕತ್ತರಿಸಿ ನೀವು ಫ್ರಿಜ್ಜಿನ ಮೇಲೆ ಅಂಟಿಸಿದ್ದೀರಿ. ಹಾಲು ತೆಗೆಯಲು ಹೋದಾಗಲೆಲ್ಲ ನೋಡುತ್ತೇನೆ. ದೇಶಕ್ಕೇ ಚಾಂಪಿಯನ್ ಆಗಿದ್ದವರು, ಹೊರದೇಶದಲ್ಲೂ ಆಡಿ ಬಂದವರು ಅಂತ ಬರೆದಿದ್ದಾರೆ. ನಿಜವೇ ಇರಬೇಕು. ಆದರೆ ಆ ಫೋಟೋದಲ್ಲಿ ಎದೆ ಸೆಟೆದು ನಿಂತ ಹುಡುಗನನ್ನು ನಾನು ಕಂಡಿಲ್ಲ. ನನಗೆ ಗೊತ್ತಿದ್ದವರು ಮೆಟ್ಟಿಲ ಮೇಲೆ ಕೂತು ಮಕ್ಕಳ ಕೈಗೆ ಬಟ್ಟೆ ಸುತ್ತುತ್ತಿದ್ದ ಮುದುಕರು.

ಅಂಗಡಿಯಲ್ಲಿ ಮೊನ್ನೆ ಯಾರೋ ಅಂದರು, "ಕೊನೆಕೊನೆಗೆ ತಲೆ ಕೆಟ್ಟಿತ್ತಂತೆ ಅವರಿಗೆ, ಗೆಲ್ಲೋ ಮ್ಯಾಚನ್ನೇ ನಿಲ್ಲಿಸಿಬಿಟ್ರಂತೆ." ಹಾಗಲ್ಲ ಅಂತ ಹೇಳಬೇಕು ಅನ್ನಿಸಿತು. ನನ್ನಿಂದ ಆಗಲಿಲ್ಲ. ಹೊಸಬರು ಬಂದರೆ ಬಾಗಿಲ ಮರೆಯಿಂದಲೇ ಮಾತಾಡುವವಳು ನಾನು, ಅಂಗಡಿಯಲ್ಲಿ ನಿಂತು ಏನು ಹೇಳಲಿ. ಕೊತ್ತಂಬರಿ ಸೊಪ್ಪು ತಗೊಂಡು ಬಂದೆ. ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿ ಸ್ಕೂಲಿನಲ್ಲಿ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅವರು ಬಂದಾಗ ನಮ್ಮ ಹಳ್ಳಿ ಇನ್ನೂ ಪೂರ್ತಿ ವಿದ್ಯಾರಣ್ಯಪುರದ ಬಡಾವಣೆಗಳೊಳಗೆ ಮುಳುಗಿರಲಿಲ್ಲ. ನಿಮ್ಮ ತಾತ ಹೊಲದ ಮೂಲೆಯಲ್ಲಿ ಮನೆ ಕಟ್ಟಿ, ಹಿಂದೆ ಎರಡು ಕೋಣೆ ಬಾಡಿಗೆಗೆ ಅಂತ ಎಬ್ಬಿಸಿದ್ದರು. ಪಕ್ಕದಲ್ಲಿ ದನ ಇಲ್ಲದ ಕೊಟ್ಟಿಗೆ. ಗದಗದ ಕಡೆಯವರು, ಹೆಂಡತಿ ಇಲ್ಲ, ಮಗಳನ್ನು ಊರಲ್ಲೇ ಮದುವೆ ಮಾಡಿ ಕೊಟ್ಟಿದೆ, ಬಾಕ್ಸಿಂಗ್ ಆಡಿದ್ದಕ್ಕೆ ದೊಡ್ಡ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಈಗ ರಿಟೈರ್ ಆಗಿದ್ದಾರೆ ಅಂತ ತಾತ ಹೇಳಿದರು. ನಾನು ಪರದೆ ಸಂದಿನಿಂದ ನೋಡಿದೆ. ಮೂಗು ಒಂದು ಕಡೆಗೆ ವಾಲಿತ್ತು. ಹುಬ್ಬು ಸೀಳಿ ಕೂಡಿಕೊಂಡಿತ್ತು. "ಹೊಡೆದಾಡೋರನ್ನ ತಂದು ಮನೆ ಹಿಂದೆ ಇಟ್ಕೊಳ್ತೀರಲ್ಲ, ನಂಗೆ ಭಯ ಆಗ್ತದೆ" ಅಂದೆ. "ಹೊಡೆದಾಡಿ ಸುಸ್ತಾಗಿದಾರೆ ಕಣೆ, ಇನ್ನೇನ್ ಹೊಡೀತಾರೆ" ಅಂದರು ತಾತ.

ಗಂಡಸರ ಮುಖ ನೋಡಿ ಮಾತಾಡಿ ನನಗೆ ರೂಢಿಯಿಲ್ಲ. ಯಾರನ್ನೇ ಆಗಲಿ ನಾನು ಕೈಯಿಂದ, ಕಾಲಿನಿಂದ ಗುರುತಿಟ್ಟುಕೊಳ್ಳುವವಳು. ಅವರ ಕೈಗಳನ್ನು ನೋಡಿದ ಮೇಲೆ ನನ್ನ ಭಯ ಸ್ವಲ್ಪ ಇಳಿಯಿತು. ಗೆಣ್ಣುಗಳು ಊದಿ, ಬೆರಳು ಸೊಟ್ಟಗಿದ್ದವು. ಆದರೆ ಆ ಕೈಗಳು ತುಳಸಿ ಕಟ್ಟೆಯ ಮೇಲಿನ ಒಂದು ಒಣ ಎಲೆಯನ್ನು ಎತ್ತಿ ಪಕ್ಕಕ್ಕಿಡುತ್ತಿದ್ದ ರೀತಿಯೇ ಬೇರೆ. ಕದ ತಟ್ಟುವಾಗಲೂ ಒಂದೇ ಬೆರಳಿನಲ್ಲಿ ತಟ್ಟುತ್ತಿದ್ದರು. ನಿಮ್ಮಪ್ಪ ಕದ ತಟ್ಟಿದರೆ ಕೀಲು ಕಿತ್ತು ಬರುತ್ತಿತ್ತು.

ಸ್ವಲ್ಪ ದಿನಕ್ಕೆ ಕೊಟ್ಟಿಗೆ ಕೇಳಿ ಪಡೆದು, ಗೋಣಿಚೀಲಕ್ಕೆ ಮರಳು, ಹಳೇ ಬಟ್ಟೆ ತುಂಬಿ ತೊಲೆಗೆ ನೇತುಹಾಕಿದರು. ಸುತ್ತಮುತ್ತಲ ಮಕ್ಕಳು ಬರತೊಡಗಿದರು. ಗ್ಲೌಸಿನ ಒಳಗೆ ಕೈಗೆ ಸುತ್ತಲು ಉದ್ದನೆಯ ಬಟ್ಟೆ ಪಟ್ಟಿ ಬೇಕು. ಅಂಗಡಿಯದು ಬೆವರು ಹೀರುವುದಿಲ್ಲ, ತೊಳೆದು ಮೆತ್ತಗಾದ ಪಂಚೆಯೇ ಸರಿ ಅಂದರಂತೆ. ತಾತ ಹೋದ ಮೇಲೆ ಅವರ ಪಂಚೆಗಳನ್ನು ಏನು ಮಾಡುವುದೋ ತಿಳಿಯದೆ ಇಟ್ಟುಕೊಂಡಿದ್ದೆ. ಒಂದೊಂದಾಗಿ ಉದ್ದಕ್ಕೆ ಹರಿದು ಸುರುಳಿ ಮಾಡಿ ಮೆಟ್ಟಿಲ ಮೇಲಿಟ್ಟು ಬರುತ್ತಿದ್ದೆ. ಸಂಜೆ ಅವರು ಮಕ್ಕಳನ್ನು ಒಬ್ಬೊಬ್ಬರಾಗಿ ಎದುರಿಗೆ ಕೂರಿಸಿಕೊಂಡು, ಹೆಬ್ಬೆರಳಿಗೆ ಒಂದು ಸುತ್ತು, ಮಣಿಕಟ್ಟಿಗೆ ಎರಡು, ಬೆರಳ ಸಂದಿಗೆಲ್ಲ ಹಾಯಿಸಿ ಸುತ್ತುತ್ತಿದ್ದರು. ಎಷ್ಟು ದೊಡ್ಡವರಾದರೂ ತಾವೇ ಸುತ್ತಿಕೊಳ್ಳಲು ಬಿಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮಗುವಿನ ಮುಖ ನೋಡುತ್ತಿದ್ದರು. ಉಂಡಿಲ್ಲ, ಜ್ವರ ಇದೆ, ಮನೆಯಲ್ಲಿ ಬೈಸಿಕೊಂಡು ಬಂದಿದೆ, ಎಲ್ಲ ಅವರಿಗೆ ಅಲ್ಲೇ ತಿಳಿಯುತ್ತಿತ್ತು.

ಸಿಂಚನಾ, ನೀನು ಹೋಗಿ ಎದುರಿಗೆ ಕೂತ ದಿನ ನಾನು ಕಿಟಕಿಯಲ್ಲಿದ್ದೆ.

"ಏನವ್ವಾ, ನಿನಗ ಏನ್ ಬೇಕು?"

"ಹೊಡೆಯೋದು ಕಲೀಬೇಕು ಸರ್."

"ಅದು ಒದಿಯೋ ಕತ್ತೆಗೂ ಬರ್ತದ. ಕತ್ತೆ ಯಾವಾಗರ ಫೈನಲ್ ಆಡೇದೇನು?"

ನೀನು ನಗಲಿಲ್ಲ. ಅವರು ನಿನ್ನ ಹಣೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿ, "ಇದು ಮನಿ. ಈ ಎರಡು ಕೈ ಬಾಗಲಾ. ಮೊದಲ ಬಾಗಲಾ ಹಾಕ್ಕೊಳ್ಳೋದು ಕಲಿ. ಹೊಡೆಯೋದು ಆಮ್ಯಾಲ" ಅಂದರು. ಆಮೇಲೆ ತಿಂಗಳುಗಟ್ಟಲೆ ನಿನಗೆ ಹೊಡೆಯಲು ಬಿಡಲೇ ಇಲ್ಲ. ಕೈ ಎತ್ತಿ ಹಿಡಿ, ಗದ್ದ ಒಳಗೆ, ಕಾಲು ಸರಿಸು. ನೀನು ಒಳಗೆ ಬಂದು "ಅಜ್ಜಿ, ಆ ಸರ್ ನಂಗೆ ಡ್ಯಾನ್ಸ್ ಕಲಿಸ್ತಿದಾರೆ ಕಣಜ್ಜಿ" ಅಂತ ಗೊಣಗುತ್ತಿದ್ದೆ. ನನಗೆ ಅದೇ ಸಮಾಧಾನ.

ಸಮಾಧಾನ ಯಾಕೆ ಅಂದರೆ, ತಲೆಗೆ ಏಟು ಅಂದರೆ ಏನು ಅಂತ ನಾನು ಕಂಡಿದ್ದೇನೆ. ನಿಮ್ಮ ತಾತ ಗೊರಗುಂಟೆಪಾಳ್ಯದ ಸಿಗ್ನಲ್ ಹತ್ತಿರ ಸ್ಕೂಟರಿನಿಂದ ಬಿದ್ದರು. ಒಂದು ಹನಿ ರಕ್ತ ಬರಲಿಲ್ಲ. ತಾವೇ ಎದ್ದು ಸ್ಕೂಟರ್ ಓಡಿಸಿಕೊಂಡು ಮನೆಗೆ ಬಂದರು. "ಏನೂ ಆಗಿಲ್ಲ ಕಣೆ, ತಲೆ ಸ್ವಲ್ಪ ಭಾರ" ಅಂದು ಮಜ್ಜಿಗೆ ಅನ್ನ ಉಂಡು ಮಲಗಿದರು. ಸಂಜೆ ಕಾಫಿಗೆ ಎಬ್ಬಿಸಲು ಹೋದೆ. ಅದರ ಮುಂದಿನದು ನಿಮಗೆ ಗೊತ್ತು.

ಹಾಗಾಗಿ ನೀನು ರಿಂಗಿಗೆ ಇಳಿಯುವ ಹೊತ್ತಿಗೆ ನಾನು ದಿನಾ ದೇವರ ಮುಂದೆ ಕೇಳುತ್ತಿದ್ದುದು ಒಂದೇ. ಗೆಲ್ಲಲಿ ಅಂತ ಅಲ್ಲ. ತಲೆ ನೆಟ್ಟಗಿರಲಿ ಅಂತ.

ಅವರಿಗೂ ನನ್ನ ಪೂಜೆಗೂ ಒಂದು ತಮಾಷೆಯ ನಂಟಿತ್ತು. ಬೆಳಗ್ಗೆ ನಾನು ಮಂಗಳಾರತಿಗೆ ಗಂಟೆ ಬಾರಿಸಿದರೆ ಹಿಂದಿನ ಮನೆಯಿಂದ ಅವರ ನಗು ಕೇಳಿಸುತ್ತಿತ್ತು. "ಅಕ್ಕಾರ, ನಿಮ್ಮ ದೇವರಿಗೆ ನೀವು ಗಂಟಿ ಹೊಡೆದ್ರ ನನ್ನ ಕೈ ಮ್ಯಾಲ ಏಳ್ತಾವ ನೋಡ್ರಿ. ಫಸ್ಟ್ ರೌಂಡ್ ಶುರು ಆತು ಅಂತ ತಿಳೀತಾವ." ನಾನು ಒಳಗೇ ನಗುತ್ತಿದ್ದೆ.

ಆ ನಗು ಯಾವಾಗ ನಿಂತಿತು ಅಂತ ಸರಿಯಾಗಿ ನೆನಪಿಲ್ಲ. ಕೈಗಳು ಮೊದಲು ಹೇಳಿದವು. ಚಹಾದ ಲೋಟ ಹಿಡಿದರೆ ತಟ್ಟೆಗೆ ತಾಗಿ ಟಿಕಿಟಿಕಿ ಅನ್ನುತ್ತಿತ್ತು. ಮೆಟ್ಟಿಲು ಹತ್ತುವಾಗ ಎಡಗಾಲು ಸ್ವಲ್ಪ ತಡವಾಗಿ ಬರುತ್ತಿತ್ತು. ಒಂದು ಸಂಜೆ ಒಂದು ಹುಡುಗಿಯ ಬಲಗೈಗೆ ಪಟ್ಟಿ ಸುತ್ತಿ ಮುಗಿಸಿ, ಇನ್ನೊಂದು ಸುರುಳಿ ಎತ್ತಿಕೊಂಡು ಅದೇ ಬಲಗೈ ಮೇಲೆ ಮತ್ತೆ ಸುತ್ತಿದರು. ಆ ಮಗು ಎಡಗೈ ಮುಂದಕ್ಕೆ ಚಾಚಿಕೊಂಡು ಸುಮ್ಮನೆ ಕೂತಿತ್ತು. ಸರ್ ಅಂದರೆ ಅಷ್ಟು ಗೌರವ. ನಾನು ಕಿಟಕಿಯಲ್ಲಿ ನಿಂತು ಸೆರಗು ಬಾಯಿಗೆ ಹಿಡಿದೆ. ಇವರ ಕೈಗೆ ನಮ್ಮ ಹುಡುಗಿಯ ತಲೆ ಕೊಟ್ಟಿದ್ದೇವಲ್ಲ ಅನ್ನಿಸಿತು.

ಆಮೇಲೆ ಆ ಬೆಳಗ್ಗೆ. ಪವನಾ, ನಿನಗೆ ಇದು ನೆನಪಿರಲಾರದು, ಚಿಕ್ಕವನು. ಸ್ಕೂಲ್ ಬ್ಯಾಗ್ ಹಾಕಿಕೊಂಡು ಹಿತ್ತಲಲ್ಲಿ ಅವರ ಹತ್ತಿರ ಏನೋ ಹರಟುತ್ತಿದ್ದೆ. ನಾನು ಒಳಗೆ ಆರತಿ ಹಚ್ಚಿ ಗಂಟೆ ಬಾರಿಸಿದೆ. ಹೊರಗೆ ಸ್ಟೀಲ್ ಲೋಟ ಬಿದ್ದ ಸದ್ದಾಯಿತು. ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿದರೆ ಅವರು ಎದ್ದು ನಿಂತಿದ್ದಾರೆ. ಗದ್ದ ಎದೆಗೆ ಒತ್ತಿದೆ, ಎರಡೂ ಕೈ ಮುಷ್ಟಿ ಕಟ್ಟಿ ಮೇಲೆದ್ದಿವೆ. ಕಣ್ಣು ನಿನ್ನ ಮೇಲೇ ಇತ್ತು, ಆದರೆ ಅವರು ನಿನ್ನನ್ನು ನೋಡುತ್ತಿರಲಿಲ್ಲ. ನೀನು ಆಟ ಅಂದುಕೊಂಡು ನಗುತ್ತಾ ನಿನ್ನ ಪುಟ್ಟ ಮುಷ್ಟಿಗಳನ್ನೂ ಎತ್ತಿದೆ. ಅವರ ಬಲಗೈ ಹಿಂದಕ್ಕೆ ಹೋಯಿತು.

ನನ್ನ ಕೈಯಲ್ಲಿದ್ದ ಆರತಿ ತಟ್ಟೆ ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಅವರು ಕಣ್ಣು ಮಿಟುಕಿಸಿದರು. ಕೈ ಇಳಿಯಿತು. ನಿನ್ನ ತಲೆ ನೇವರಿಸಿ "ಸಾಲಿಗೆ ಹೊತ್ತಾತ್ ನೋಡು ತಮ್ಮಾ" ಅಂದರು. ಏನಾಯಿತು ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಮಾರನೇ ದಿನದಿಂದ ನಾನು ಗಂಟೆ ಬಾರಿಸುವುದು ಬಿಟ್ಟೆ. ಗಂಟೆಯನ್ನು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಹಿಂದಕ್ಕಿಟ್ಟೆ. ನಿಮ್ಮಮ್ಮ "ಯಾಕತ್ತೆ, ಗಂಟೆ ಇಲ್ದೆ ಪೂಜೆ ಮಾಡ್ತೀರಿ, ಒಳ್ಳೇದಲ್ಲ" ಅಂದಳು. ಕೈ ನೋವು ಅಂದೆ. ನಿಮ್ಮಪ್ಪನಿಗೆ ಹೇಳಿ ಅವರಿಂದ ಮನೆ ಬಿಡಿಸಿಬಿಡಲೇ ಅಂತ ಯೋಚಿಸಿದೆ. ಬಾಯಿಗೆ ಬಂದದ್ದು ಮತ್ತೆ ಒಳಗೆ ಹೋಗುತ್ತಿತ್ತು. ಸಿಂಚನಾ, ನಿನ್ನ ರಾಜ್ಯ ಮಟ್ಟದ ಪಂದ್ಯಗಳು ಹತ್ತಿರ ಬಂದಿದ್ದವು. ನಾನು ಅನ್ನ ಬಸಿಯುವಾಗಲೂ ಅದೇ ಯೋಚನೆ. ರಿಂಗಿನ ಮೂಲೆಯಲ್ಲಿ ನಿಲ್ಲುವವರು ಇವರು. ನಿನಗೆ ಏಟು ಬಿದ್ದಾಗ ನೋಡಬೇಕಾದವರು ಇವರು. ಆ ಹೊತ್ತಿಗೆ ಅಲ್ಲಿ ಗಂಟೆ ಬಾರಿಸುತ್ತಾರೆ.

ಗಂಟೆ ನಿಂತದ್ದನ್ನು ಮೊದಲು ಗಮನಿಸಿದವರೂ ಅವರೇ. ಒಂದು ಬೆಳಗ್ಗೆ ಒಂದೇ ಬೆರಳಿನಿಂದ ಕದ ತಟ್ಟಿ, ಹಿತ್ತಲ ಮೆಟ್ಟಿಲ ಕೆಳಗೆ ನಿಂತು ಕೇಳಿದರು.

"ಅಕ್ಕಾರ, ದೇವರಿಗೆ ಗಂಟಿ ಯಾಕ ನಿಂತೈತ್ರಿ?"

ನಾನು ಬಾಗಿಲ ಮರೆಯಲ್ಲಿದ್ದೆ.

"ನಾ ಏನಾರ ಮಾಡಿದ್ನೇನ್ರಿ?"

"ಆವತ್ತು ಗಂಟೆ ಹೊಡ್ದಾಗ ನೀವು ಕೈ ಎತ್ತುದ್ರಿ" ಅಂದೆ. "ನಮ್ ಪವನ ಎದುರ್ಗಿದ್ದ."

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನಾನು ಆ ಕಡೆ, ಅವರು ಈ ಕಡೆ, ನಡುವೆ ಕದ. ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಯಾಕೆಂದರೆ ನನ್ನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ.

"ನಾ ಚಾಂಪಿಯನ್ ಆದ ಆಟ ನನಗ ನೆನಪಿಲ್ರೀ ಅಕ್ಕಾರ. ಎರಡನೇ ರೌಂಡಿಗೆ ಗಂಟಿ ಹೊಡೆದದ್ದು ಗೊತ್ತದ. ಅಲ್ಲಿಂದ ಮುಂದ ಇಲ್ಲ. ಹೋಟೆಲಿನಾಗ ಕಣ್ಣು ಬಿಟ್ಟೆ, ಮಂದಿ ಮಾಲಿ ಹಾಕ್ತಿದ್ರು. ಗೆದ್ದಿ ಅಂದ್ರು, ಹೌದೇನು ಅಂದೆ. ನನ್ನ ಮೂಲ್ಯಾಗ ನಿಂತವ್ರಿಗೆ ಕಂಡಿತ್ರಿ, ನನಗ ಎಚ್ಚರಿಲ್ಲ ಅಂತ. ನಿಲ್ಲಸಲಿಲ್ಲ. ಗೆಲ್ಲಾಕತ್ತಿದ್ದೆ ಅಲ್ಲ. ಯಾರು ನಿಲ್ಲಸ್ತಾರ?"

"ಹಂಗಾರೆ ಅವಳನ್ನ ಕಳ್ಸೋದೇ ಬ್ಯಾಡ" ಅಂದೆ.

"ನಾ ಬ್ಯಾಡ ಅಂದ್ರ ಆಕಿ ಬ್ಯಾರೆ ಕಡೆ ಹೋಗ್ತಾಳ್ರಿ. ಕರಿಯಾಕ ಬೇಕಾದಷ್ಟು ಮಂದಿ ಅದಾರ. ಅವರಿಗೆ ಪದಕ ಬೇಕು. ಆಕಿ ಹೆಂತಾಕಿ ಗೊತ್ತದ ಅಲ್ಲ, ಬಿದ್ರೂ ಏಳ್ತಾಳ. ಅದ ನನಗ ಅಂಜಿಕಿ. ಈ ಫೈನಲ್ ಒಂದು ಮುಗೀಲಿ, ನಾ ಮಗಳ ಮನಿಗೆ ಹೋಗಿಬಿಡ್ತೇನಿ. ಆದ್ರ ಆವತ್ತು ನೀವು ನನ್ನ ಹಿಂದ ಕೂಡ್ರಬೇಕು. ನನ್ನ ಕೈ ಮ್ಯಾಲ ಎದ್ವು ಅಂದ್ರ ನಾ ಅಲ್ಲಿ ಇಲ್ಲ ಅಂತ ತಿಳ್ಕೋರಿ. ಹೆಗಲ ಹಿಡಿದು ಅಲುಗಾಡಿಸಿ ಕರೀರಿ."

ಪರಗಂಡಸರ ಹೆಗಲು ಹಿಡಿಯುವುದು. ಅಷ್ಟು ಜನರ ಮುಂದೆ. ನಾನು ಆಗಲಿ ಅಂತಲೂ ಅನ್ನಲಿಲ್ಲ, ಆಗುವುದಿಲ್ಲ ಅಂತಲೂ ಅನ್ನಲಿಲ್ಲ. ಅವರು ಎದ್ದು ಹೋದರು.

ಫೈನಲ್ ದಿನ ನಾನು ಬರುತ್ತೇನೆ ಅಂದಾಗ ನೀವೆಲ್ಲ ನಕ್ಕಿರಿ. "ಅಜ್ಜೀ, ನೀನ್ ಟೀವೀಲಿ ಜಗಳ ಬಂದ್ರೇ ಎದ್ದೋಗ್ತೀಯ" ಅಂದೆ ಸಿಂಚನಾ. ಅಲ್ಲಿ ಅವರು ತಮ್ಮ ಹಿಂದಿನ ಬೆಂಚಿನಲ್ಲೇ ನನ್ನನ್ನು ಕೂರಿಸಿದರು. ಸುತ್ತ ಗಂಡು ಹುಡುಗರ ಕೂಗಾಟ, ಸೀಟಿ, ಬೆವರಿನ ವಾಸನೆ. ನಾನು ಸೆರಗು ಬಿಗಿಯಾಗಿ ಹೊದ್ದು ಬೆಂಚಿನ ತುದಿಗೆ ಸರಿದು ಕೂತೆ.

ಮೊದಲನೇ ರೌಂಡ್ ಚೆನ್ನಾಗಿಯೇ ಹೋಯಿತು. ಅವರ ಕೈಗಳು ತೊಡೆಯ ಮೇಲೇ ಇದ್ದವು. ಭುಜದ ಮೇಲೆ ಬಿಳಿ ಟವಲ್. ನಾನು ನಿನ್ನನ್ನು ನೋಡಲಿಲ್ಲ, ಆ ಕೈಗಳನ್ನೇ ನೋಡುತ್ತಿದ್ದೆ. ಎರಡನೇ ರೌಂಡಿನ ಗಂಟೆಗೂ ಅವು ಏಳಲಿಲ್ಲ. ಆ ರೌಂಡಿನ ಕೊನೆಗೆ ಧಪ್ ಅಂತ ಒಂದು ಸದ್ದು ಬಂತು, ಜನ ಹೋ ಅಂದರು. ನೋಡಿದೆ. ನೀನು ನಿಂತೇ ಇದ್ದೆ. ಮೂಲೆಗೆ ಬಂದು ಕೂತೆ. "ಏನಾತು ಹೇಳು" ಅಂದರು ಅವರು. "ಏನಿಲ್ಲ ಸರ್, ಗೆಲ್ತಿದೀನಿ ಸರ್" ಅಂದೆ. ಇನ್ನೂ ಏನೋ ಕೇಳಲು ಬಾಗಿದರು. ಅಷ್ಟರಲ್ಲಿ ಮೂರನೇ ರೌಂಡಿನ ಗಂಟೆ ಹೊಡೆಯಿತು.

ಕೈಗಳು ಎದ್ದವು.

ಗದ್ದ ಒಳಗೆ ಹೋಯಿತು. "ಮುಂದ ಹೋಗು, ಬಿಡಬ್ಯಾಡ, ಹೋಗು ಮುಂದ" ಅಂತ ಕೂಗತೊಡಗಿದರು. ಯಾರಿಗೆ ಕೂಗುತ್ತಿದ್ದರೋ. ನಾನು ರಿಂಗಿನ ಕಡೆ ನೋಡಿದೆ. ನಿನ್ನ ಮುಖ ನೋಡಲು ಧೈರ್ಯ ಬರಲಿಲ್ಲ, ಕಾಲು ನೋಡಿದೆ. ದಿನಾ ಹಿತ್ತಲಲ್ಲಿ ನೋಡಿದ ಕಾಲು. ಎಡಗಾಲು ತಡವಾಗಿ ಬರುತ್ತಿತ್ತು. ಜನ ನಿನ್ನ ಹೆಸರು ಹಿಡಿದು ಕುಣಿಯುತ್ತಿದ್ದರು, ನೀನೇ ಮುಂದಿದ್ದೆಯಂತೆ.

ಹೇಗೆ ಎದ್ದೆನೋ ಗೊತ್ತಿಲ್ಲ. ಎರಡೂ ಕೈಯಿಂದ ಅವರ ಹೆಗಲು ಹಿಡಿದೆ. ಕಲ್ಲಿನ ಹಾಗಿತ್ತು. ಅಲುಗಾಡಿಸಿದೆ. ಅವರು ತಿರುಗಿದರು, ಮುಷ್ಟಿ ನನ್ನ ಮುಖದ ಎದುರಿಗೇ ಬಂತು. ಕಣ್ಣು ಮುಚ್ಚಿಕೊಂಡೆ. "ಅಣ್ಣಾ" ಅಂದೆ. ಅಷ್ಟು ವರ್ಷದಲ್ಲಿ ಅವರನ್ನು ಏನಂತಲೂ ಕರೆದವಳಲ್ಲ. "ಅಣ್ಣಾ, ನಮ್ ಸಿಂಚನ."

ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವರು ರಿಂಗಿನ ಕಡೆ ನೋಡುತ್ತಿದ್ದರು. ನಿನ್ನನ್ನೇ ನೋಡುತ್ತಿದ್ದರು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಅಷ್ಟೆ. ಭುಜದ ಟವಲ್ ತೆಗೆದು ರಿಂಗಿನೊಳಕ್ಕೆ ಎಸೆದರು. ಟವಲ್ ಬಿದ್ದರೆ ನಾವು ಸೋಲೊಪ್ಪಿಕೊಂಡೆವು, ಆಟ ಅಲ್ಲಿಗೇ ನಿಂತಿತು ಅಂತ. ಯಾರೂ ಹೇಳಿಕೊಟ್ಟದ್ದಲ್ಲ. ನಾನು ಕರೆದದ್ದು ಮಾತ್ರ, ನಿಲ್ಲಿಸಿದ್ದು ಅವರೇ.

ಆಮೇಲಿನದು ನಿನಗೆ ನೆನಪಿದೆಯೋ ಇಲ್ಲವೋ. "ಯಾಕ್ ಸರ್, ಯಾಕ್ ನಿಲ್ಸಿದ್ರಿ, ನಾನ್ ಗೆಲ್ತಿದ್ದೆ" ಅಂತ ಅವರ ಎದೆಗೆ ಗುದ್ದಿದೆ. ಜನ ಕೂಗಿದರು. ಹಿಂದಿನಿಂದ ಒಬ್ಬ "ಮುದುಕಂಗೆ ಅರಳು ಮರಳು ಗುರು" ಅಂದ. ಅವರು ಬಾಯಿ ಬಿಡಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ನೀನು ವಾಂತಿ ಮಾಡಿಕೊಂಡೆ. ಕಾರಿನಲ್ಲಿ "ಅಜ್ಜಿ, ನಮ್ ಮ್ಯಾಚ್ ಯಾವಾಗ?" ಅಂತ ಕೇಳಿದೆ. ಹೆಬ್ಬಾಳ ದಾಟುವುದರೊಳಗೆ ಮತ್ತೆ ಅದನ್ನೇ ಕೇಳಿದೆ. ನನಗೆ ತಾತನ ಮಜ್ಜಿಗೆ ಅನ್ನದ ತಟ್ಟೆ ಕಣ್ಣ ಮುಂದೆ ಬಂತು. ಡಾಕ್ಟರು ಸ್ಕ್ಯಾನ್ ಮಾಡಿಸಿ, ಮಿದುಳು ಅಲುಗಿದೆ, ಇನ್ನೊಂದು ಏಟು ಬಿದ್ದಿದ್ದರೆ ಹೇಳಲಾಗುತ್ತಿರಲಿಲ್ಲ ಅಂದರು. ನಿನ್ನ ಸರ್ ಆಸ್ಪತ್ರೆಯ ಹೊರಗೆ ಕಲ್ಲು ಬೆಂಚಿನ ಮೇಲೆ, ನೀನು ಕಣ್ಣು ಬಿಟ್ಟು ಸರಿಯಾಗಿ ಮಾತಾಡುವವರೆಗೂ, ಕೂತೇ ಇದ್ದರು. ಒಳಗೆ ಬನ್ನಿ ಅಂದರೆ ಬರಲಿಲ್ಲ.

ಹೇಳಿದ ಹಾಗೆ ಅವರು ಗದಗಿಗೆ ಹೋದರು. ಹೋಗುವಾಗ ನೀನು ಕೋಣೆಯಿಂದ ಹೊರಗೆ ಬರಲಿಲ್ಲ. ಅವರು ನಿನ್ನ ಬಾಗಿಲಿಗೆ ಕೈ ಮುಗಿದು ಹೋದರು. ನಿನ್ನ ಸಿಟ್ಟು ಇಳಿಯಲು ಬಹಳ ಕಾಲ ಹಿಡಿಯಿತು. ಇಳಿದ ಮೇಲೆ ನೀನೇ "ಅಜ್ಜಿ, ಸರ್‌ನ ನೋಡ್ಕೊಂಡ್ ಬರಣ ಬಾ" ಅಂದೆ. ಯಶವಂತಪುರದಲ್ಲಿ ರೈಲು ಹತ್ತಿದೆವು.

ಅಲ್ಲಿ ಅವರ ಮಗಳು ಬಾಗಿಲಲ್ಲೇ ಹೇಳಿದಳು, "ಅಪ್ಪಗ ಈಗ ಯಾರ ಗುರ್ತೂ ಹತ್ತಂಗಿಲ್ರಿ. ಬ್ಯಾಸರಾ ಮಾಡ್ಕೋಬ್ಯಾಡ್ರಿ." ಅವರು ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಕೂತಿದ್ದರು. ಎಷ್ಟು ಸಣ್ಣಗಾಗಿದ್ದರು. ನನ್ನನ್ನು ನೋಡಿ ಯಾರೋ ಬಂದಿದ್ದಾರೆ ಅಂತ ಕೈ ಮುಗಿದರು. ನೀನು ಕಾಲಿಗೆ ಬೀಳಲು ಬಾಗಿದೆ. ಅವರು ನಿನ್ನ ಗದ್ದ ಹಿಡಿದು ಮುಖ ಮೇಲಕ್ಕೆತ್ತಿದರು. ಬೆಳಕಿಗೆ ತಿರುಗಿಸಿದರು. ಹೆಬ್ಬೆರಳಿನಿಂದ ಒಂದು ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಆಮೇಲೆ ಇನ್ನೊಂದು. ನಡುಗುವ ಕೈಯ ಎರಡು ಬೆರಳು ನಿನ್ನ ಮುಖದ ಮುಂದೆ ಹಿಡಿದರು.

"ಎಷ್ಟು?"

ನೀನು ತಿರುಗಿ ನನ್ನ ಕಡೆ ನೋಡಿದೆ.

"ಎಷ್ಟು, ಹೇಳು."

"ಎರಡು ಸರ್."

"ತಲಿ ನೋಯ್ತದೇನು?"

"ಇಲ್ಲ ಸರ್."

"ವಾಂತಿ ಬರ್ತದೇನು? ಖರೇ ಹೇಳು."

"ಇಲ್ಲ ಸರ್. ನಿಜವಾಗ್ಲೂ."

"ಆತು" ಅಂದು ಗದ್ದ ಬಿಟ್ಟರು. ಆಮೇಲೆ "ಯಾರ ಮಗಳವ್ವ ನೀನು?" ಅಂತ ಕೇಳಿದರು.

ಅದಾಗಿ ಕೆಲವು ತಿಂಗಳಿಗೆ ಹೋಗಿಬಿಟ್ಟರು.

ಮೊನ್ನೆ ಭಾನುವಾರ ಪವನ ಗ್ಲೌಸ್ ಬೇಕು ಅಂತ ನಿಮ್ಮಪ್ಪನ ಬೆನ್ನು ಬಿದ್ದದ್ದು ಕೇಳಿಸಿಕೊಂಡೆ. ಅಕ್ಕನೇ ಕಲಿಸುತ್ತಾಳಂತೆ. ನನಗೆ ಅವತ್ತಿನಿಂದ ಊಟ ಸೇರುತ್ತಿಲ್ಲ. ಬೇಡ ಅಂದರೆ ನೀವು ಕೇಳುವವರಲ್ಲ, ನನಗೆ ಬೇಡ ಅನ್ನಲೂ ಬರುವುದಿಲ್ಲ. ಸಿಂಚನಾ, ಅವನ ಮೂಲೆಯಲ್ಲಿ ನೀನು ನಿಲ್ಲುತ್ತೀಯ ಅಂದರೆ ಒಂದು ಮಾತು. ಅವನು ಗೆಲ್ಲುತ್ತಿರುವಾಗ ನಿಲ್ಲಿಸಬೇಕಾಗಿ ಬರಬಹುದು. ಅವನು ನಿನ್ನ ಎದೆಗೆ ಗುದ್ದಬಹುದು, ಜನ ನಗಬಹುದು, ತಿಂಗಳುಗಟ್ಟಲೆ ಮಾತು ಬಿಡಬಹುದು. ಆಗ ನೀನು ಬಾಯಿ ಬಿಡದೆ ಸುಮ್ಮನಿರಬೇಕು. ಅದು ಆಗುತ್ತದೆ ಅನ್ನಿಸಿದರೆ ಮಾತ್ರ ಗ್ಲೌಸ್ ತನ್ನಿ.

ಈ ಹಾಳೆಗಳನ್ನು ಎಲ್ಲಾದರೂ ಬೀಳಿಸಬೇಡಿ, ಮನೆಯ ಪತ್ರಗಳ ಜೊತೆಗೇ ಇಡಿ. ಪವನಾ, ನಿನಗೆ ಅಕ್ಕನ ಮೇಲೆ ತಡೆಯಲಾರದ ಸಿಟ್ಟು ಬಂದ ದಿನ ತೆಗೆದು ಓದು. ಅವತ್ತು ಓದಲು ನೀನು ಕೂತಿದ್ದೀಯ ಅಂದರೆ, ನಿನ್ನ ತಲೆ ನೆಟ್ಟಗಿದೆ ಅಂತ ಅರ್ಥ.